ಟ್ರ್ಯಾಕ್ ಲೈಟ್ ಬೇಕಾ, ಡೌನ್‌ಲೈಟ್ ಸಾಕಾ? ಮನೆಗೆ ಆರಿಸುವ ಮುನ್ನ

ಟ್ರ್ಯಾಕ್ ಲೈಟ್ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ನಿಮ್ಮ ಕೋಣೆಯಲ್ಲಿ ಬೆಳಕು ಬೀಳಬೇಕಾದ ಜಾಗ ಯಾವುದು? "ಇಡೀ ಕೋಣೆ" ಅನ್ನೋದು ಉತ್ತರವಾದರೆ ಟ್ರ್ಯಾಕ್ ಬಿಟ್ಟು ಬೇರೆ ದೀಪ ನೋಡಿ. "ಆ ಗೋಡೆ", "ಈ ಪುಸ್ತಕದ ಕಪಾಟು", "ಅಡುಗೆ ಕಟ್ಟೆ" ಅಂತ ಬೆರಳು ಮಾಡಿ ತೋರಿಸಲು ಬಂದರೆ ಟ್ರ್ಯಾಕ್ ನಿಮ್ಮ ಕೆಲಸಕ್ಕೆ ಬರುತ್ತದೆ. ಯಾವ ಬಗೆಯ ಟ್ರ್ಯಾಕ್, ಎಷ್ಟು ಅಗಲದ ಬೆಳಕು, ಗೋಡೆಯಿಂದ ಎಷ್ಟು ದೂರ ಅನ್ನುವುದೆಲ್ಲ ಆಮೇಲಿನ ಮಾತು. ಅವೆಲ್ಲವೂ ಈ ಉತ್ತರದ ಮೇಲೇ ನಿಂತಿವೆ.

ಟ್ರ್ಯಾಕ್ ಅಂದರೆ ಸೀಲಿಂಗಿಗೆ ಬಿಗಿದ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ. ಅದರೊಳಗೆ ಉದ್ದಕ್ಕೂ ತಾಮ್ರದ ತಂತಿ ಓಡಿರುತ್ತದೆ. ಒಂದು ಕಡೆ ಕರೆಂಟ್ ಕೊಟ್ಟರೆ ಸಾಕು, ಪಟ್ಟಿಯ ಮೇಲೆ ಎಲ್ಲಿ ಬೇಕಾದರೂ ದೀಪದ ಹೆಡ್ ಸಿಕ್ಕಿಸಬಹುದು, ಸರಿಸಬಹುದು, ಬೇಕಾದ ಕಡೆಗೆ ತಿರುಗಿಸಬಹುದು. ಅಮೆರಿಕದ ಲೈಟೋಲಿಯರ್ ಕಂಪನಿ 1961ರಲ್ಲಿ ಇದನ್ನು ಹೊರತಂದಿತು. ಅಂಗಡಿ, ಗ್ಯಾಲರಿ, ಮ್ಯೂಸಿಯಂಗಳು ಇದನ್ನು ಹಿಡಿದುಕೊಂಡಿದ್ದಕ್ಕೆ ಕಾರಣ ಸರಳ. ಅಲ್ಲಿ ಇಟ್ಟ ವಸ್ತುಗಳು ಬದಲಾಗುತ್ತಲೇ ಇರುತ್ತವೆ, ಬೆಳಕೂ ಅವುಗಳ ಹಿಂದೆ ಓಡಬೇಕು. ನಿಮ್ಮ ಮನೆಯಲ್ಲಿ ಸೋಫಾ, ಚಿತ್ರ, ಕಪಾಟು ಜಾಗ ಬದಲಿಸುತ್ತಾ ಇರುತ್ತವಾ? ಹೌದಾದರೆ ಟ್ರ್ಯಾಕಿಗೆ ಇನ್ನೊಂದು ಅಂಕ ಕೊಡಿ.

ಟ್ರ್ಯಾಕ್, ಡೌನ್‌ಲೈಟ್, ಇಲ್ಲಾ ಬಿಡಿ ಸ್ಪಾಟ್

ಡೌನ್‌ಲೈಟ್ ನೋಡಲು ಚೊಕ್ಕ. ಸೀಲಿಂಗಿನೊಳಗೆ ಹುದುಗಿರುತ್ತದೆ, ದೀಪ ಕಾಣದೆ ಬೆಳಕು ಮಾತ್ರ ಕಾಣುತ್ತದೆ. ಆದರೆ ಅದಕ್ಕೆ ಫಾಲ್ಸ್ ಸೀಲಿಂಗ್ ಬೇಕು, ಅದರ ಮೇಲೆ ಒಂದಷ್ಟು ಇಂಚು ಖಾಲಿ ಜಾಗ ಬೇಕು, ಪ್ರತಿ ದೀಪಕ್ಕೂ ಒಂದು ತೂತು, ಒಂದು ವೈರ್ ಬೇಕು. ತೂತು ಕೊರೆದ ಮೇಲೆ ಮುಗೀತು, ದೀಪ ಅಲ್ಲೇ. ಒಳಗೇ ಅಷ್ಟಿಷ್ಟು ಓರೆಯಾಗುವ ಡೌನ್‌ಲೈಟುಗಳೂ ಸಿಗುತ್ತವೆ. ಟ್ರ್ಯಾಕ್ ಹೆಡ್ ತಿರುಗುವಷ್ಟು ಅವು ತಿರುಗುವುದಿಲ್ಲ.

ಟ್ರ್ಯಾಕಿಗೆ ಬರೀ ಕಾಂಕ್ರೀಟ್ ತಾರಸಿಯಾದರೂ ಸಾಕು. ಹಳೆಯ ದೀಪದ ಪಾಯಿಂಟ್ ಇದ್ದ ಕಡೆಯಿಂದಲೇ ಕರೆಂಟ್ ತೆಗೆದುಕೊಂಡು ಆರೆಂಟು ಅಡಿ ದೂರದವರೆಗೆ ಬೆಳಕು ಒಯ್ಯಬಹುದು. ಗೋಡೆ ಒಡೆಯುವ ಕೆಲಸ ಇಲ್ಲ. ಬಾಡಿಗೆ ಮನೆಯವರಿಗೆ ಇದು ದೊಡ್ಡ ಅನುಕೂಲ. ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು, ಉಳಿಯುವುದು ನಾಲ್ಕಾರು ಸ್ಕ್ರೂ ತೂತು. ಹಾಗಂತ ಟ್ರ್ಯಾಕ್ ಕಣ್ಣಿಗೆ ಕಾಣದೆ ಇರುವುದಿಲ್ಲ. ಪಟ್ಟಿ ಕಾಣುತ್ತದೆ, ಹೆಡ್ಡುಗಳು ಕೆಳಗೆ ಜೋತುಬಿದ್ದಿರುತ್ತವೆ. ಕೆಲವರಿಗೆ ಆ ನೋಟವೇ ಇಷ್ಟ, ಕೆಲವರಿಗೆ ಅಂಗಡಿಯಲ್ಲಿ ಕೂತ ಹಾಗೆ ಅನಿಸುತ್ತದೆ. ಸೀಲಿಂಗ್ 8 ಅಡಿಗಿಂತ ತಗ್ಗಾಗಿದ್ದರೆ ನಾನಂತೂ ಬೇಡ ಅನ್ನುತ್ತೇನೆ. ಹೆಡ್ಡು ಇನ್ನೂ ಅರ್ಧ ಅಡಿ ಕೆಳಗಿಳಿದು ನೇರ ಕಣ್ಣಿಗೇ ಬರುತ್ತದೆ.

ಮೂರನೆಯ ದಾರಿಯೂ ಇದೆ. ಬೆಳಗಬೇಕಾದದ್ದು ಒಂದೇ ಒಂದು ಚಿತ್ರ, ಅದು ಜಾಗ ಬಿಟ್ಟು ಕದಲುವುದೂ ಇಲ್ಲ ಅಂದರೆ ಟ್ರ್ಯಾಕ್ ಯಾಕೆ? ಸೀಲಿಂಗಿಗೆ ಬಿಗಿಯುವ ಒಂದು ಬಿಡಿ ಸ್ಪಾಟ್ ಲೈಟ್ ಸಾಕು. ಎರಡೋ ಮೂರೋ ಸ್ಪಾಟ್ ಇರುವ ಚಿಕ್ಕ ಬಾರ್ ಕೂಡ ಸಿಗುತ್ತದೆ. ಅದರಲ್ಲಿ ದೀಪ ತಿರುಗುತ್ತದೆ, ಸರಿಯುವುದಿಲ್ಲ. ಅರ್ಧ ಟ್ರ್ಯಾಕ್ ಅನ್ನಿ ಬೇಕಾದರೆ.

ಬರೀ ಟ್ರ್ಯಾಕ್ ಒಂದನ್ನೇ ಹಾಕಿ ಇಡೀ ಹಾಲ್ ಬೆಳಗಿಸಲು ಹೋಗುವುದು ಮಾತ್ರ ಸರಿಬರುವುದಿಲ್ಲ. ಹೆಡ್ಡುಗಳೆಲ್ಲ ಕೆಳಮುಖ. ನೆಲದ ಮೇಲೆ ಅಲ್ಲಲ್ಲಿ ಬೆಳಕಿನ ಮಚ್ಚೆ ಬೀಳುತ್ತದೆ, ಸೀಲಿಂಗ್ ಕತ್ತಲಾಗಿಯೇ ಉಳಿಯುತ್ತದೆ, ಕೂತವರ ಮುಖದ ಮೇಲೆ ಕಣ್ಣಿನ ಕೆಳಗೆ ನೆರಳು ಕಟ್ಟುತ್ತದೆ. ಕತ್ತಲು ಅಂತ ಇನ್ನೆರಡು ಹೆಡ್ ಸೇರಿಸಿದರೆ ಮಚ್ಚೆ ಇನ್ನೂ ಪ್ರಖರವಾಗುತ್ತದೆ ಅಷ್ಟೇ. ಕೋಣೆಗೆ ಹರಡುವ ಬೆಳಕನ್ನು ಬೇರೆ ದೀಪದಿಂದ ತನ್ನಿ: ಒಂದು ಸಾದಾ ಸೀಲಿಂಗ್ ಲೈಟ್, ಸೀಲಿಂಗಿನ ಅಂಚಿನಲ್ಲಿ ಬಚ್ಚಿಟ್ಟ ಕೋವ್ ಲೈಟ್, ಇಲ್ಲವೇ ಮೇಲಕ್ಕೆ ಬೆಳಕು ಚೆಲ್ಲುವ ನಿಲುವು ದೀಪ. ಟ್ರ್ಯಾಕ್ ಅದರ ಮೇಲೆ ಎರಡನೇ ಪದರ. ನೀವು ತೋರಿಸಬೇಕೆಂದಿರುವ ವಸ್ತುವಿನ ಮೇಲೆ ಸುತ್ತಲಿನ ಬೆಳಕಿಗಿಂತ ಸುಮಾರು ಮೂರು ಪಟ್ಟು ಬೆಳಕು ಬಿದ್ದರೆ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಬೆಳಕಿನ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಇದು.

ಯಾವ ಟ್ರ್ಯಾಕ್?

ಮನೆಗೆ ಬರುವವು ಮುಖ್ಯವಾಗಿ ಎರಡು. ಒಂದು, ಮನೆಯ ಕರೆಂಟೇ ನೇರವಾಗಿ ಓಡುವ ಮಾಮೂಲಿ ಟ್ರ್ಯಾಕ್. ಇನ್ನೊಂದು, ಕಡಿಮೆ ವೋಲ್ಟಿನ ಮ್ಯಾಗ್ನೆಟಿಕ್ ಟ್ರ್ಯಾಕ್. ಇದು ಹೆಚ್ಚಾಗಿ 48 ವೋಲ್ಟ್ ಡಿಸಿ.

ಮಾಮೂಲಿ ಟ್ರ್ಯಾಕಿನಲ್ಲಿ ಪ್ರತಿ ಹೆಡ್ಡಿನೊಳಗೂ ಅದರದ್ದೇ ಡ್ರೈವರ್, ಅಂದರೆ ಕರೆಂಟನ್ನು ದೀಪಕ್ಕೆ ತಕ್ಕ ಹಾಗೆ ಬದಲಿಸಿ ಕೊಡುವ ಭಾಗ, ಇರುತ್ತದೆ. ಒಂದು ಕೆಟ್ಟರೆ ಅದೊಂದೇ ಆರುತ್ತದೆ, ಉಳಿದವು ಉರಿಯುತ್ತಲೇ ಇರುತ್ತವೆ. ಎಲೆಕ್ಟ್ರಿಷಿಯನ್ನಿಗೆ ಗೊತ್ತಿರುವ ಕೆಲಸ, ಬಿಡಿ ಭಾಗಗಳು ಸುಲಭವಾಗಿ ಸಿಗುತ್ತವೆ. ಹೆಡ್ಡು ಸ್ವಲ್ಪ ದಪ್ಪ ಅನ್ನುವುದೇ ಕೊರತೆ. ಹೆಡ್ ತೆಗೆದು ಹಾಕುವಾಗ ಮೇನ್ ಆಫ್ ಮಾಡಲೇಬೇಕು. ಒಳಗೆ ಓಡುತ್ತಿರುವುದು ಪೂರ್ತಿ ಕರೆಂಟ್, ನೆನಪಿರಲಿ.

ಮ್ಯಾಗ್ನೆಟಿಕ್ ಟ್ರ್ಯಾಕ್ ಸಪೂರ. ಹೆಡ್ಡನ್ನು ಹತ್ತಿರ ಹಿಡಿದರೆ ಆಯಸ್ಕಾಂತ ಟಕ್ ಅಂತ ಎಳೆದುಕೊಳ್ಳುತ್ತದೆ. ಸ್ಪಾಟ್ ಮಾತ್ರವಲ್ಲದೆ ಉದ್ದನೆಯ ಮೃದು ಬೆಳಕಿನ ಪಟ್ಟಿಗಳನ್ನೂ ಅದೇ ಟ್ರ್ಯಾಕಿಗೆ ಕೂರಿಸಬಹುದು. ಹಾಗಾಗಿ ಕೋಣೆಯ ಸಾಮಾನ್ಯ ಬೆಳಕನ್ನೂ ಅದರಿಂದ ಸ್ವಲ್ಪ ಮಟ್ಟಿಗೆ ಪಡೆಯಬಹುದು. ನೋಟದಲ್ಲಿ ಇದೇ ಗೆಲ್ಲುತ್ತದೆ. ಆದರೆ ಇಡೀ ಟ್ರ್ಯಾಕಿಗೆ ಹೊರಗಿನ ಒಂದು ಡ್ರೈವರ್ ಬೇಕು. ಅದು ಕೈಕೊಟ್ಟರೆ ಎಲ್ಲಾ ದೀಪವೂ ಒಟ್ಟಿಗೆ ಆರುತ್ತದೆ. ಆ ಡ್ರೈವರನ್ನು ಎಲ್ಲಿ ಬಚ್ಚಿಡುತ್ತೀರಿ ಅಂತ ಮೊದಲೇ ಕೇಳಿ. ಫಾಲ್ಸ್ ಸೀಲಿಂಗಿನೊಳಗೆ ಇಟ್ಟು ಮುಚ್ಚಿಬಿಟ್ಟರೆ, ಕೆಟ್ಟ ದಿನ ಸೀಲಿಂಗ್ ಕೊಯ್ಯಬೇಕಾಗುತ್ತದೆ. ಕೈ ಹೋಗುವ ಒಂದು ಮುಚ್ಚಳ ಬಿಡಿಸಿಕೊಳ್ಳಿ. ಡ್ರೈವರಿನ ಶಕ್ತಿಯನ್ನೂ ಪೂರ್ತಿ ಬಳಸಬೇಡಿ. 100 ವ್ಯಾಟಿನ ಡ್ರೈವರಿಗೆ 80 ವ್ಯಾಟಿನಷ್ಟು ದೀಪ ಸಾಕು, ಅದು ತಣ್ಣಗಿರುತ್ತದೆ, ಬಾಳಿಕೆ ಬರುತ್ತದೆ.

ಇವೆರಡರಲ್ಲಿ ನನ್ನ ಮತ ಹೀಗಿದೆ. ಮನೆ ಕಟ್ಟುತ್ತಿದ್ದೀರಿ, ಫಾಲ್ಸ್ ಸೀಲಿಂಗ್ ಹೇಗೂ ಬರುತ್ತದೆ, ಪಟ್ಟಿಯನ್ನು ಸೀಲಿಂಗಿನೊಳಗೆ ಹುದುಗಿಸುವ ಆಸೆ ಇದೆ ಅಂದರೆ ಮ್ಯಾಗ್ನೆಟಿಕ್ ಒಳ್ಳೆಯದು. ಈಗಾಗಲೇ ವಾಸ ಇರುವ ಮನೆ, ಬರೀ ತಾರಸಿ, ಇಲ್ಲಾ ಬಾಡಿಗೆ ಮನೆ ಅಂದರೆ ಕಣ್ಣುಮುಚ್ಚಿ ಮಾಮೂಲಿ ಟ್ರ್ಯಾಕ್.

ಹೊಂದಾಣಿಕೆಯ ಗೋಳು ಎರಡಕ್ಕೂ ಇದೆ. ಒಂದು ಕಂಪನಿಯ ಹೆಡ್ ಇನ್ನೊಂದರ ಪಟ್ಟಿಗೆ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ. ಅಮೆರಿಕದ 120 ವೋಲ್ಟ್ ಪದ್ಧತಿಯಲ್ಲಿ ಎಚ್, ಜೆ, ಎಲ್ ಅಂತ ಮೂರು ಬಗೆ ಇವೆ. ಹ್ಯಾಲೊ, ಜೂನೊ, ಲೈಟೋಲಿಯರ್ ಕಂಪನಿಗಳ ಮೊದಲ ಅಕ್ಷರಗಳವು. 230 ವೋಲ್ಟ್ ಇರುವ ಕಡೆ 2 ವೈರ್, 3 ವೈರ್, 4 ವೈರ್ ಅಂತ ಕರೆಯುವುದು ರೂಢಿ. 2 ವೈರ್ ಟ್ರ್ಯಾಕಿನಲ್ಲಿ ಅರ್ತ್ ಇರುವುದಿಲ್ಲ. ಹೆಡ್ಡಿನ ಮೈ ಲೋಹದ್ದಾದರೆ ಅರ್ತ್ ಇರುವ ಟ್ರ್ಯಾಕನ್ನೇ ಕೇಳಿ ಪಡೆಯಿರಿ. ಮ್ಯಾಗ್ನೆಟಿಕ್‌ಗೆ ಎಲ್ಲರೂ ಒಪ್ಪಿದ ಒಂದೇ ಅಳತೆ ಅಂತೂ ಇಲ್ಲವೇ ಇಲ್ಲ. ಪಟ್ಟಿ, ಹೆಡ್, ಡ್ರೈವರ್ ಮೂರನ್ನೂ ಒಂದೇ ಕಡೆಯಿಂದ ತರುವುದು ವಾಸಿ.

ಸರ್ಕ್ಯೂಟ್ ವಿಚಾರ ಒಂದಿದೆ. ಸಿಂಗಲ್ ಸರ್ಕ್ಯೂಟ್ ಅಂದರೆ ಒಂದು ಸ್ವಿಚ್, ಎಲ್ಲಾ ಹೆಡ್ ಒಟ್ಟಿಗೆ. ಮೂರು ಸರ್ಕ್ಯೂಟಿನ ಟ್ರ್ಯಾಕಿನಲ್ಲಿ ಯಾವ ಹೆಡ್ ಯಾವ ಸ್ವಿಚ್ಚಿಗೆ ಅಂತ ಅದರ ಅಡಾಪ್ಟರಿನಲ್ಲೇ ತಿರುಗಿಸಿ ಆರಿಸಬಹುದು. ಹಾಲ್ ಮತ್ತು ಊಟದ ಮೇಜು ಒಂದೇ ಉದ್ದ ಟ್ರ್ಯಾಕಿನಲ್ಲಿ ಬಂದರೆ ಇದು ತುಂಬಾ ಉಪಯೋಗ. ಆರಡಿಯ ಟ್ರ್ಯಾಕಿಗೆ ಸುಮ್ನೆ ಖರ್ಚು.

ಗೋಡೆಯಿಂದ ಎಷ್ಟು ದೂರ, ಬೀಮ್ ಎಷ್ಟು ಅಗಲ

ಇಡೀ ಫಲಿತಾಂಶ ನಿಂತಿರುವುದು ಇಲ್ಲಿ. ದುಬಾರಿ ಹೆಡ್ ತಂದು ತಪ್ಪು ಜಾಗದಲ್ಲಿ ಬಿಗಿದರೆ ಕಣ್ಣು ಕುಕ್ಕುತ್ತದೆ. ಸಾಧಾರಣ ಹೆಡ್ ಸರಿಯಾದ ಜಾಗದಲ್ಲಿದ್ದರೆ ಗೋಡೆ ಎದ್ದು ಕಾಣುತ್ತದೆ. ಟ್ರ್ಯಾಕನ್ನು ಕೋಣೆಯ ನಟ್ಟನಡುವೆ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ, ಹಳೆಯ ಪಾಯಿಂಟ್ ಅಲ್ಲೇ ಇರುತ್ತದಲ್ವಾ. ನಡುವಿನಿಂದ ಗೋಡೆಗೆ ಬೆಳಕು ಬಿಟ್ಟರೆ ಅದು ಅಡ್ಡಡ್ಡವಾಗಿ ಹೋಗುತ್ತದೆ. ಎದುರು ಕೂತವರ ಕಣ್ಣಿಗೆ ಹೊಡೆಯುತ್ತದೆ, ಚಿತ್ರ ನೋಡಲು ಹೋದವರ ನೆರಳು ಚಿತ್ರದ ಮೇಲೇ ಬೀಳುತ್ತದೆ. ಟ್ರ್ಯಾಕ್ ಇರಬೇಕಾದದ್ದು ನೀವು ಬೆಳಗುವ ಗೋಡೆಯ ಹತ್ತಿರ, ಅದಕ್ಕೆ ಸಮಾನಾಂತರವಾಗಿ.

ಎಷ್ಟು ಹತ್ತಿರ? ನೇರ ಕೆಳಗಿನ ಗೆರೆಯಿಂದ 30 ಡಿಗ್ರಿ ಓರೆಯಲ್ಲಿ ಬೆಳಕು ಬೀಳಬೇಕು ಅನ್ನುವುದು ಗ್ಯಾಲರಿಗಳಲ್ಲಿ ಹಿಡಿಯುವ ಕ್ರಮ. ಲೆಕ್ಕ ಸುಲಭ. ಸೀಲಿಂಗ್ ಎತ್ತರದಿಂದ ಚಿತ್ರದ ನಡುಭಾಗದ ಎತ್ತರ ಕಳೆಯಿರಿ, ಬಂದದ್ದನ್ನು 0.58ರಿಂದ ಗುಣಿಸಿ. ಸೀಲಿಂಗ್ 9 ಅಡಿ, ಚಿತ್ರದ ನಡು 5 ಅಡಿ ಅಂದರೆ ವ್ಯತ್ಯಾಸ 4. ಗೋಡೆಯಿಂದ ಸುಮಾರು ಎರಡೂಕಾಲು ಅಡಿ ದೂರಕ್ಕೆ ಟ್ರ್ಯಾಕ್ ಬರಬೇಕು. 10 ಅಡಿಯ ಸೀಲಿಂಗಿಗೆ ಮೂರು ಅಡಿಗೆ ಚೂರು ಕಡಿಮೆ, 8 ಅಡಿಯದಕ್ಕೆ ಒಂದೂಮುಕ್ಕಾಲು ಅಡಿ. ಚಿತ್ರಕ್ಕೆ ಗಾಜು ಹಾಕಿದ್ದರೆ ಗಾಜಿನಲ್ಲಿ ದೀಪ ಮಿಂಚುವುದನ್ನು ತಪ್ಪಿಸಲು ಇನ್ನೂ ಸ್ವಲ್ಪ ಗೋಡೆಯ ಕಡೆ ಸರಿಸಬೇಕಾಗಬಹುದು. ಚೌಕಟ್ಟು ದಪ್ಪಗಿದ್ದರೆ ಮಾತ್ರ ತೀರಾ ಹತ್ತಿರ ತರಬೇಡಿ, ಚೌಕಟ್ಟಿನ ನೆರಳು ಚಿತ್ರದ ತಲೆ ಮೇಲೆ ಕೂರುತ್ತದೆ.

ಇನ್ನು ಬೀಮ್ ಆ್ಯಂಗಲ್. ಹೆಡ್ಡಿನಿಂದ ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನುವ ಅಳತೆ ಇದು. ನಡುವಿನ ಬೆಳಕಿನ ತೀವ್ರತೆ ಅರ್ಧಕ್ಕೆ ಇಳಿಯುವ ಅಂಚಿನವರೆಗೆ ಅಳೆಯುತ್ತಾರೆ. ಮೇಲಿನ 9 ಅಡಿ ಸೀಲಿಂಗಿನ ಉದಾಹರಣೆಯಲ್ಲಿ ದೀಪದಿಂದ ಚಿತ್ರಕ್ಕೆ ಸುಮಾರು ನಾಲ್ಕೂವರೆ ಅಡಿ. ಅಷ್ಟು ದೂರದಲ್ಲಿ 15 ಡಿಗ್ರಿಯ ಬೀಮ್ ಒಂದೂಕಾಲು ಅಡಿ ಅಗಲಕ್ಕೆ ಹರಡುತ್ತದೆ, 24 ಡಿಗ್ರಿಯದು ಎರಡು ಅಡಿಗೆ, 36 ಡಿಗ್ರಿಯದು ಮೂರು ಅಡಿಗೆ, 60 ಡಿಗ್ರಿಯದು ಐದು ಅಡಿಗೆ. ಒಂದು ಚಿಕ್ಕ ಮೂರ್ತಿಗೆ 15 ಸಾಕು. ಮಧ್ಯಮ ಗಾತ್ರದ ಚಿತ್ರಕ್ಕೆ 24. ದೊಡ್ಡ ಚಿತ್ರಕ್ಕೆ, ಕಪಾಟಿಗೆ 36. ಅಂಗಡಿಗಳಲ್ಲಿ ಕೇಳದಿದ್ದರೆ ಯಾವುದೋ ಒಂದನ್ನು ಕೊಟ್ಟು ಕಳಿಸುತ್ತಾರೆ. ಪೆಟ್ಟಿಗೆ ಮೇಲೆ ಡಿಗ್ರಿ ಬರೆದಿಲ್ಲ ಅಂದರೆ ಆ ಹೆಡ್ ಬಿಟ್ಟುಬಿಡಿ.

ವ್ಯಾಟ್ ನೋಡಿ ಕೊಳ್ಳುವವರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಅದೇ ಹೆಡ್, ಅಷ್ಟೇ ಲ್ಯೂಮೆನ್ (ದೀಪ ಹೊರಬಿಡುವ ಒಟ್ಟು ಬೆಳಕಿನ ಅಳತೆ). ಬೀಮನ್ನು 36ರಿಂದ 24ಕ್ಕೆ ಇಳಿಸಿದರೆ ಅದೇ ಬೆಳಕು ಅರ್ಧಕ್ಕಿಂತ ಚಿಕ್ಕ ಜಾಗಕ್ಕೆ ಬೀಳುತ್ತದೆ, ಅಂದರೆ ಪ್ರಖರತೆ ಎರಡು ಪಟ್ಟಿಗಿಂತ ಜಾಸ್ತಿ. ಚಿತ್ರ ಮಂಕಾಗಿದೆ ಅನಿಸಿದಾಗ 10 ವ್ಯಾಟ್ ತೆಗೆದು 20 ಹಾಕುವ ಮೊದಲು ಬೀಮ್ ಬದಲಿಸಿ ನೋಡಿ. ಸೀಲಿಂಗ್ ಎತ್ತರವಾದಷ್ಟೂ ಈ ಮಾತು ನಿಜ, ಯಾಕೆಂದರೆ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಒಂದು ಚಿತ್ರ ಬಿಟ್ಟು ಇಡೀ ಗೋಡೆಯನ್ನೇ ಬೆಳಗಬೇಕೆಂದರೆ ಲೆಕ್ಕ ಬೇರೆ. ಸಮನಾದ ಬೆಳಕು ಬೇಕಾದರೆ ಟ್ರ್ಯಾಕನ್ನು ಮೂರಡಿ ದೂರಕ್ಕೆ ತಂದು, ಅಗಲ ಬೀಮಿನ ಹೆಡ್ಡುಗಳನ್ನು ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ ಹಾಕಿ. ಇದನ್ನು ವಾಲ್ ವಾಶ್ ಅನ್ನುತ್ತಾರೆ. ಚಿಕ್ಕ ಕೋಣೆ ಇದರಿಂದ ದೊಡ್ಡದಾಗಿ ಕಾಣುತ್ತದೆ. ಕಲ್ಲಿನ ಗೋಡೆ, ಇಟ್ಟಿಗೆ ಗೋಡೆ ಇದ್ದು ಅದರ ಉಬ್ಬುತಗ್ಗು ಕಾಣಬೇಕಾದರೆ ಟ್ರ್ಯಾಕನ್ನು ಗೋಡೆಗೆ ಒಂದಡಿಯೊಳಗೆ ತಂದು ನೇರ ಕೆಳಕ್ಕೆ ಬೆಳಕು ಬಿಡಿ. ನೆರಳು ಆಡಿ ಕಲ್ಲಿಗೆ ಜೀವ ಬರುತ್ತದೆ. ಸಾದಾ ಬಣ್ಣದ ಗೋಡೆಗೆ ಮಾತ್ರ ಹೀಗೆ ಮಾಡಬೇಡಿ. ಪುಟ್ಟಿ ಹಚ್ಚಿದವನು ಎಲ್ಲೆಲ್ಲಿ ಕೈ ಬಿಟ್ಟಿದ್ದಾನೆ ಅನ್ನುವುದೆಲ್ಲ ಎದ್ದು ಕಾಣುತ್ತದೆ.

ಎಷ್ಟು ಹೆಡ್ ಹಾಕಬೇಕು? ಬೆಳಗಬೇಕಾದ ವಸ್ತು ಎಷ್ಟಿವೆಯೋ ಅಷ್ಟು. ಆರಡಿಯ ಪಟ್ಟಿಗೆ ಮೂರು ಹೆಡ್ ಅಂದರೆ ಚೆನ್ನಾಗಿರುತ್ತದೆ. ಜಾಗ ಇದೆ ಅಂತ ಏಳು ಸಿಕ್ಕಿಸಿದರೆ ಸಂತೆ. ಖಾಲಿ ಜಾಗ ಇದ್ದರೆ ಇರಲಿ, ಮುಂದೆ ಸರಿಸಲು ಬೇಕಾಗುತ್ತದೆ.

ಹೆಡ್ ಆರಿಸುವಾಗ

ಎಲ್‌ಇಡಿ ಒಳಗೇ ಕೂತಿರುವ ಹೆಡ್ಡುಗಳಲ್ಲಿ ಬೆಳಕಿನ ಹಿಡಿತ ಚೆನ್ನಾಗಿರುತ್ತದೆ, ಶಾಖವೂ ಸರಿಯಾಗಿ ಹೊರಹೋಗುತ್ತದೆ. ಕೆಟ್ಟರೆ ಇಡೀ ಹೆಡ್ ಬದಲಿಸಬೇಕು. ಜಿಯು10 (ಎರಡು ಕಡ್ಡಿಯ, ತಿರುಗಿಸಿ ಕೂರಿಸುವ ಸ್ಪಾಟ್ ಬಲ್ಬ್) ಹೋಲ್ಡರ್ ಇರುವವುಗಳಲ್ಲಿ ಬಲ್ಬ್ ಮಾತ್ರ ಬದಲಿಸಿದರೆ ಆಯಿತು. ಇದರ ಇನ್ನೊಂದು ಲಾಭವನ್ನು ಜನ ಗಮನಿಸುವುದಿಲ್ಲ. ಬೀಮ್ ಇಷ್ಟವಾಗದಿದ್ದರೆ ಬೇರೆ ಡಿಗ್ರಿಯ ಬಲ್ಬ್ ತಂದು ಹಾಕಬಹುದು. ಮೊದಲ ಸಲ ಟ್ರ್ಯಾಕ್ ಹಾಕುವವರಿಗೆ, ಬೀಮ್ ಬಗ್ಗೆ ಇನ್ನೂ ಅಂದಾಜು ಸಿಗದವರಿಗೆ ನಾನು ಜಿಯು10 ಅನ್ನೇ ಹೇಳುತ್ತೇನೆ.

ಬೆಳಕಿನ ಬಣ್ಣ ಕೂರುವ, ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು. ಅಡುಗೆಮನೆಗೆ 4000ವರೆಗೆ ಹೋಗಬಹುದು. 6500 ಕೆಲ್ವಿನ್ನಿನ ನೀಲಿ ಛಾಯೆಯ ಬೆಳಕಿನಲ್ಲಿ ಮರ, ಮೈಬಣ್ಣ ಎರಡೂ ಸಪ್ಪೆ. ಒಂದೇ ಟ್ರ್ಯಾಕಿನಲ್ಲಿ ಎರಡು ಬಣ್ಣ ಬೆರೆಸಬೇಡಿ. ಬಣ್ಣಗಳು ನಿಜವಾಗಿ ಕಾಣಬೇಕಾದರೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ 100ರವರೆಗೆ ಕೊಡುವ ಅಂಕ) 90ಕ್ಕೆ ಕಡಿಮೆ ಬೇಡ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ದೀಪದ ಕೆಳಗೆ ಕೆಂಪು ಬಟ್ಟೆಯನ್ನೋ ನಿಮ್ಮ ಅಂಗೈಯನ್ನೋ ಹಿಡಿದು ನೋಡಿ. ಅಗ್ಗದ ಎಲ್‌ಇಡಿಗಳು ಮೊದಲು ಸೋಲುವುದೇ ಕೆಂಪು ಬಣ್ಣದಲ್ಲಿ.

ಕಣ್ಣು ಕುಕ್ಕದಿರಬೇಕಾದರೆ ದೀಪದ ಮೂಲ ಹೆಡ್ಡಿನ ಬಾಯಿಯಿಂದ ಸಾಕಷ್ಟು ಒಳಗೆ ಕೂತಿರಬೇಕು. ಜೇನುಗೂಡಿನಂಥ ಕಪ್ಪು ಜಾಲರಿ ಹಾಕುವ ಅವಕಾಶ ಇದ್ದರೆ ಇನ್ನೂ ಒಳ್ಳೆಯದು.

ಬೆಳಕು ಏರಿಸಿ ಇಳಿಸುವ ಡಿಮ್ಮರ್ ಬೇಕೆಂದಿದ್ದರೆ ಹೆಡ್ಡಿನ ಮೇಲೆ ಡಿಮ್ಮಬಲ್ ಅಂತ ಬರೆದಿರಲೇಬೇಕು. ಹಳೆಯ ಬಲ್ಬುಗಳ ಕಾಲದ ಡಿಮ್ಮರುಗಳು ಇಂತಿಷ್ಟು ವ್ಯಾಟ್ ಇದ್ದರೆ ಮಾತ್ರ ನೆಟ್ಟಗೆ ಕೆಲಸ ಮಾಡುತ್ತವೆ. ನಾಲ್ಕು ಎಲ್‌ಇಡಿ ಹೆಡ್ ಸೇರಿ 30 ವ್ಯಾಟ್ ಆದರೆ ಅವಕ್ಕೆ ಸಾಲದು. ದೀಪ ಮಿಣಮಿಣ ಅನ್ನುತ್ತದೆ, ಗುಯ್ಗುಡುತ್ತದೆ. ಎಲ್‌ಇಡಿಗೆಂದೇ ಇರುವ ಡಿಮ್ಮರ್ ತನ್ನಿ.

ಕೋಣೆಗೆ ತಕ್ಕ ಹಾಗೆ

ಅಡುಗೆಮನೆಯಲ್ಲಿ ಟ್ರ್ಯಾಕ್ ನಿಮ್ಮ ಬೆನ್ನ ಹಿಂದೆ ಬಂದರೆ ತರಕಾರಿ ಹೆಚ್ಚುವಾಗ ನಿಮ್ಮದೇ ತಲೆಯ ನೆರಳು ಕಟ್ಟೆಯ ಮೇಲೆ. ಕಟ್ಟೆಯ ಮುಂದಿನ ಅಂಚಿನ ನೇರಕ್ಕೆ ಬರಬೇಕು. ಮೇಲೆ ಕಪಾಟುಗಳಿದ್ದರೆ ಅವುಗಳ ಅಡಿಗೆ ಅಂಟಿಸುವ ಎಲ್‌ಇಡಿ ಪಟ್ಟಿಯೇ ಟ್ರ್ಯಾಕಿಗಿಂತ ವಾಸಿ, ಅನುಮಾನವೇ ಬೇಡ. ಒಗ್ಗರಣೆಯ ಜಿಡ್ಡು ಹೆಡ್ಡಿಗೆ ಹತ್ತುವುದೂ ತಪ್ಪುತ್ತದೆ.

ಮಲಗುವ ಕೋಣೆಯಲ್ಲಿ ಮಲಗಿದಾಗ ಕಣ್ಣು ಹೋಗುವ ಕಡೆ ಒಂದೂ ಹೆಡ್ ಇರಬಾರದು. ಬೀರು, ಗೋಡೆಯ ಕಡೆ ತಿರುಗಿದ್ದರೆ ಸರಿ. ಟಿವಿ ಇರುವ ಗೋಡೆಯ ಎದುರಿನಿಂದ ಬೆಳಕು ಬಂದರೆ ಪರದೆಯಲ್ಲಿ ಹೆಡ್ಡುಗಳೇ ಕಾಣುತ್ತವೆ. ಉದ್ದ ಪಡಸಾಲೆ, ಕಾರಿಡಾರಿಗೆ ಟ್ರ್ಯಾಕ್ ಹೇಳಿ ಮಾಡಿಸಿದ್ದು. ಓದುವ ಮೇಜಿಗೆ ಟೇಬಲ್ ಲ್ಯಾಂಪೇ ಸರಿ. ಬಚ್ಚಲುಮನೆಗೆ ಬೇಡವೇ ಬೇಡ. ತೆರೆದ ಪಟ್ಟಿಯೊಳಗೆ ಕರೆಂಟ್, ಸುತ್ತ ನೀರು, ಹಬೆ.

ಸೀಲಿಂಗ್ ಫ್ಯಾನ್ ಇರುವ ಕೋಣೆಗೆ ಒಂದು ಎಚ್ಚರಿಕೆ. ಹೆಡ್ಡಿನಿಂದ ಹೊರಟ ಬೆಳಕು ರೆಕ್ಕೆಗಳನ್ನು ಹಾದುಹೋದರೆ ಗೋಡೆಯ ಮೇಲೆ ನೆರಳು ಪಟಪಟನೆ ಹಾರುತ್ತದೆ, ತಲೆನೋವು ಬರುವ ಮಟ್ಟಿಗೆ. ಟ್ರ್ಯಾಕ್ ಗೋಡೆಯ ಹತ್ತಿರ ಇದ್ದು ಬೆಳಕು ಗೋಡೆಯ ಕಡೆಗೇ ಹೋದರೆ ಈ ಕಾಟ ಇಲ್ಲ.

ಹಳೆಯ ಫೋಟೋ, ಜಲವರ್ಣದ ಚಿತ್ರ, ರೇಷ್ಮೆ ಬಟ್ಟೆ ಬೆಳಗುವುದಾದರೆ ಕಡಿಮೆ ಬೆಳಕೇ ಸಾಕು. ಮ್ಯೂಸಿಯಂಗಳಲ್ಲಿ ಇಂಥವಕ್ಕೆ 50 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ 200 ಲಕ್ಸ್ ಅಂತ ಮಿತಿ ಇಟ್ಟುಕೊಳ್ಳುತ್ತಾರೆ. ಎಲ್‌ಇಡಿಯಲ್ಲಿ ಅತಿನೇರಳೆ ಕಿರಣ ಕಡಿಮೆ ನಿಜ, ಆದರೆ ಕಣ್ಣಿಗೆ ಕಾಣುವ ಬೆಳಕಿಗೂ ಬಣ್ಣ ಮಾಸುತ್ತದೆ. ನೋಡುವವರು ಇಲ್ಲದಾಗ ಆರಿಸಿ.

ಬಿಗಿಸುವ ದಿನ

ಟ್ರ್ಯಾಕಿನ ಜಾಗಕ್ಕೆ ಮೊದಲು ಸೀಲಿಂಗಿನ ಮೇಲೆ ಪೇಪರ್ ಟೇಪ್ ಅಂಟಿಸಿ ನೋಡಿ. ರಾತ್ರಿ ಏಣಿ ಹತ್ತಿ, ಟೇಪಿನ ಜಾಗದಿಂದ ಒಂದು ಟಾರ್ಚ್ ಹಿಡಿದು ಗೋಡೆಗೆ ಬಿಡಿ. ಮನೆಯವರೊಬ್ಬರು ಸೋಫಾದಲ್ಲಿ ಕೂತು ಕಣ್ಣಿಗೆ ಹೊಡೆಯುತ್ತದಾ ಅಂತ ಹೇಳಲಿ. ಜಿಪ್ಸಮ್ ಸೀಲಿಂಗ್ ಆದರೆ ಸ್ಕ್ರೂಗಳು ಬರೀ ಹಲಗೆಗೆ ಕೂರಬಾರದು, ಒಳಗಿನ ಲೋಹದ ಚೌಕಟ್ಟಿಗೆ ಹೋಗಬೇಕು. ಕರೆಂಟ್ ಕೊಡುವ ತುದಿ ಯಾವ ಕಡೆ ಬರುತ್ತದೆ ಅಂತ ಎಲೆಕ್ಟ್ರಿಷಿಯನ್ ಜೊತೆ ಮೊದಲೇ ಮಾತಾಡಿ. ಇಲ್ಲದಿದ್ದರೆ ವೈರ್ ಸೀಲಿಂಗಿನ ಮೇಲೆ ಅಡ್ಡಾಡಿ ಅಂದ ಕೆಡುತ್ತದೆ. ಹೆಡ್ಡುಗಳ ದಿಕ್ಕನ್ನು ಹಗಲು ಹೊತ್ತು ಅವರಿಂದ ಹೊಂದಿಸಿಕೊಂಡು ಕಳಿಸಬೇಡಿ, ಕತ್ತಲಾದ ಮೇಲೆ ನೀವೇ ಹೊಂದಿಸಿ.

ಎಲ್ಲ ಮುಗಿದ ಮೇಲೆ ಪಟ್ಟಿಯ, ಹೆಡ್ಡಿನ ಮಾಡೆಲ್ ನಂಬರಿನ ಫೋಟೋ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ. ಸಾಧ್ಯವಾದರೆ ಅದೇ ಹೆಡ್ ಒಂದನ್ನು ಜಾಸ್ತಿ ಕೊಂಡಿಡಿ. ಮಾಡೆಲ್‌ಗಳು ಬೇಗ ಬದಲಾಗುತ್ತವೆ, ಆಮೇಲೆ ಅಂಥದ್ದೇ ಇನ್ನೊಂದು ಸಿಕ್ಕರೂ ಬೆಳಕಿನ ಛಾಯೆ ಪಕ್ಕದ್ದಕ್ಕೆ ಹೊಂದುವುದು ಕಷ್ಟ.